ತಾಯಿಗೊಂದು ಉತ್ತರ, ಮಗಳಿಗೊಂದು ಉತ್ತರ: ಕಡಿಮೆ ಪ್ರಮಾಣದ ವಿಕಿರಣ ಮತ್ತು ಸ್ತನದ ಜೀನ್‌ಗಳು

ಪ್ರಶ್ನೆ: ನಾನು ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹತ್ತಿರದ ಊರೊಂದರಲ್ಲಿ ಪ್ರೌಢಶಾಲೆಯ ಶಿಕ್ಷಕಿ. ವಯಸ್ಸು 43. ನನ್ನ ತಾಯಿಗೆ 46ನೆಯ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯಲ್ಲಿ ಚಿಕಿತ್ಸೆಯಾಗಿ ಈಗ ಆರಾಮವಾಗಿದ್ದಾರೆ. ಅವರ ತಂಗಿ, ಅಂದರೆ ನನ್ನ ಚಿಕ್ಕವ್ವ, ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ನನಗೆ 22ನೆಯ ವಯಸ್ಸಿನಲ್ಲಿ ಟಿ.ಬಿ. ಆಗಿ ಐದಾರು ಸಲ ಎದೆಯ ಎಕ್ಸ್-ರೇ ಮತ್ತು ಒಮ್ಮೆ ಸಿ.ಟಿ. ಸ್ಕ್ಯಾನ್ ಆಗಿತ್ತು. ಈಗ ಡಾಕ್ಟರು ಮ್ಯಾಮೊಗ್ರಾಂ ಮಾಡಿಸಲು ಹೇಳಿದ್ದಾರೆ. ಆದರೆ ನನ್ನ ಮೈದುನ ಮೊಬೈಲಿಗೆ ಕಳಿಸಿದ ಒಂದು ವಿಡಿಯೊದಲ್ಲಿ, ಸ್ವಲ್ಪವೇ ವಿಕಿರಣ ತಾಗಿದರೂ ಸ್ತನದ ಜೀನ್‌ಗಳು ಬದಲಾಗುತ್ತವೆ, ಮಲಗಿದ್ದ ಕ್ಯಾನ್ಸರ್ ಜೀನ್ ಏಳುತ್ತದೆ, ಅದು ಮಕ್ಕಳಿಗೂ ಹೋಗುತ್ತದೆ ಎಂದು ಹೇಳಿದ್ದಾರೆ. ನನ್ನ 14 ವರ್ಷದ ಮಗಳ ಬೆನ್ನೆಲುಬು ಪಕ್ಕಕ್ಕೆ ಬಾಗಿದೆ. ಬೆಲ್ಟ್ ಹಾಕಿದ್ದಾರೆ, ನಾಲ್ಕು ತಿಂಗಳಿಗೊಮ್ಮೆ ಎಕ್ಸ್-ರೇ ತೆಗೆಯುತ್ತಾರೆ. ನಾನು ಮ್ಯಾಮೊಗ್ರಾಂ ಮಾಡಿಸಬೇಕೇ? ಮಗಳ ಎಕ್ಸ್-ರೇ ನಿಲ್ಲಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನಿಮ್ಮ ಭಯ ಮತ್ತು ಮಗಳ ಬಗೆಗಿನ ಭಯ ಎರಡೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿವೆ. ಅವನ್ನು ಬಿಡಿಸಿ ಬೇರೆ ಬೇರೆಯಾಗಿ ನೋಡದೆ ಉತ್ತರ ಹೇಳಲಾಗದು, ಏಕೆಂದರೆ ಒಂದೇ ಮನೆಯಲ್ಲಿರುವ ನಿಮ್ಮಿಬ್ಬರಿಗೆ ಒಂದೇ ಎಕ್ಸ್-ರೇ ಕಿರಣದ ಲೆಕ್ಕ ಒಂದೇ ಅಲ್ಲ. ಹುಬ್ಬಳ್ಳಿಯಲ್ಲಿ ಎಕ್ಸ್-ರೇ, ಮ್ಯಾಮೊಗ್ರಾಂ ನೋಡುತ್ತಲೇ ನನ್ನ ವೃತ್ತಿಜೀವನದ ಬಹುಭಾಗ ಕಳೆದಿದೆ. "ಸರ್ರ, ಈ ಮಶೀನಿನಾಗ ಹಿಚುಕಿದ್ರ ಗಂಟು ಹಬ್ಬತೈತಂತ, ಖರೇನ್ರೀ?" ಎಂದು ಕೇಳುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಆ ಪ್ರಶ್ನೆಗೆ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ನೀವು ಕೇಳಿದ್ದು ಅಷ್ಟು ಸುಲಭದ್ದಲ್ಲ, ಏಕೆಂದರೆ ಆ ವಿಡಿಯೊದಲ್ಲಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ.

ಮೊದಲು ಪ್ರಮಾಣದ ಮಾತು. ಒಂದು ಅಂಗ ಹೀರಿಕೊಂಡ ವಿಕಿರಣವನ್ನು ಮಿಲಿಗ್ರೇ ಎಂಬ ಅಳತೆಯಲ್ಲಿ ಹೇಳುತ್ತೇವೆ. 100 ಮಿಲಿಗ್ರೇಗಿಂತ ಕೆಳಗಿನದನ್ನು ವಿಜ್ಞಾನಿಗಳು ಕಡಿಮೆ ಪ್ರಮಾಣ ಎಂದು ಕರೆಯುತ್ತಾರೆ. ಮ್ಯಾಮೊಗ್ರಾಂನಲ್ಲಿ ಪ್ರತಿ ಸ್ತನಕ್ಕೆ ಎರಡು ಚಿತ್ರ ತೆಗೆಯುತ್ತೇವೆ, ಎರಡೂ ಸೇರಿ ಆ ಸ್ತನದ ಗ್ರಂಥಿಗಳಿಗೆ ತಾಗುವುದು ಸಾಮಾನ್ಯವಾಗಿ 3ರಿಂದ 4 ಮಿಲಿಗ್ರೇ. ಇಂದಿನ ಡಿಜಿಟಲ್ ಯಂತ್ರಗಳಲ್ಲಿ ಪ್ರತಿ ಚಿತ್ರದ ಮಾಹಿತಿಯ ಜೊತೆಗೆ ಈ ಅಂಕಿಯೂ ದಾಖಲಾಗುತ್ತದೆ, ಕೇಳಿದರೆ ತೋರಿಸುತ್ತಾರೆ. ಕಳೆದ ವಾರ ಕುಂದಗೋಳದಿಂದ ಬಂದಿದ್ದ ಒಬ್ಬರ ಬಲಗಡೆಯ ಒಂದು ಚಿತ್ರದಲ್ಲಿ 1.4 ಎಂದಿತ್ತು. ಇಡೀ ದೇಹದ ಲೆಕ್ಕಕ್ಕೆ ಪರಿವರ್ತಿಸಿದರೆ ಒಂದು ಮ್ಯಾಮೊಗ್ರಾಂ ಸುಮಾರು 0.4 ಮಿಲಿಸೀವರ್ಟ್ ಆಗುತ್ತದೆ. ನೆಲ, ಕಲ್ಲು, ಗಾಳಿ, ಆಕಾಶಗಳಿಂದ ಮನುಷ್ಯರಿಗೆ ತಾನಾಗಿಯೇ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಹೀಗಾಗಿ ಒಂದು ಮ್ಯಾಮೊಗ್ರಾಂ ಎಂದರೆ ಎರಡು ತಿಂಗಳು ಸುಮ್ಮನೆ ಬದುಕಿದಷ್ಟೇ ವಿಕಿರಣ.

ಈಗ ಜೀನ್‌ಗಳ ವಿಷಯಕ್ಕೆ ಬರೋಣ. ನಿಮ್ಮ ಕಣ್ಣು, ಯಕೃತ್ತು, ಸ್ತನ ಎಲ್ಲದರ ಜೀವಕೋಶಗಳಲ್ಲಿಯೂ ಇರುವುದು ಅವೇ ಜೀನ್‌ಗಳು. ಯಾವ ಕೋಶದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬ ಏರ್ಪಾಟಿಗೆ ಜೀನ್ ನಿಯಂತ್ರಣ ಎನ್ನುತ್ತೇವೆ. ಊಟ ಮಾಡಿದರೆ, ಓಡಿದರೆ, ಮುಟ್ಟು ಬಂದರೆ, ಮಗುವಿಗೆ ಹಾಲೂಡಿಸಿದರೆ ಈ ಏರ್ಪಾಟು ಬದಲಾಗುತ್ತದೆ. ಆದ್ದರಿಂದ "ಜೀನ್‌ಗಳ ಕೆಲಸ ಬದಲಾಯಿತು" ಎಂಬುದು ತಾನಾಗಿಯೇ ಕೆಟ್ಟ ಸುದ್ದಿಯಲ್ಲ. ಜೀನಿನ ಬರವಣಿಗೆಯೇ ಕೆಟ್ಟುಹೋಗುವುದು ಬೇರೆ, ಅದಕ್ಕೆ ರೂಪಾಂತರ ಎನ್ನುತ್ತೇವೆ. ವಿಡಿಯೊ ಮಾಡಿದವರು ಇವೆರಡನ್ನೂ ಕಲಸಿ ಒಂದೇ ಮುದ್ದೆ ಮಾಡಿದ್ದಾರೆ.

ಎಕ್ಸ್-ರೇ ಸ್ತನದ ಕೋಶವೊಂದರ ಮೂಲಕ ಹಾದುಹೋದಾಗ ನಡೆಯುವುದು ಇಷ್ಟು. ಕಿರಣದಿಂದ ಚಿಮ್ಮಿದ ಎಲೆಕ್ಟ್ರಾನು ಕೋಶಕೇಂದ್ರದಲ್ಲಿ ಒಂದು ಗೀರು ಎಳೆದಂತೆ ಸಾಗುತ್ತದೆ, ಕೆಲವೊಮ್ಮೆ ಡಿಎನ್‌ಎಯ ಎರಡೂ ಎಳೆಗಳನ್ನು ಒಂದೇ ಜಾಗದಲ್ಲಿ ಕತ್ತರಿಸುತ್ತದೆ. ಒಂದು ಸಾವಿರ ಮಿಲಿಗ್ರೇಗೆ ಕೋಶವೊಂದರಲ್ಲಿ ಇಂಥ 30ರಿಂದ 40 ಕಡಿತಗಳಾಗುತ್ತವೆ. ಅದೇ ಲೆಕ್ಕದಲ್ಲಿ ಒಂದು ಮ್ಯಾಮೊಗ್ರಾಂಗೆ ಏಳೆಂಟು ಕೋಶಗಳಲ್ಲಿ ಒಂದಕ್ಕೆ ಒಂದು ಕಡಿತ ಬರುತ್ತದೆ. ಕಡಿತವಾದ ಕೂಡಲೇ ಎಟಿಎಂ ಎಂಬ ಪ್ರೊಟೀನು ಅದನ್ನು ಗುರುತಿಸಿ ಪಿ53 ಎಂಬ ಇನ್ನೊಂದು ಪ್ರೊಟೀನನ್ನು ಎಚ್ಚರಿಸುತ್ತದೆ. ಪಿ53 ಹಲವು ಜೀನ್‌ಗಳನ್ನು ಒಮ್ಮೆಲೇ ಚಾಲೂ ಮಾಡುತ್ತದೆ: ಪಿ21 ಕೋಶದ ವಿಭಜನೆಯನ್ನು ತಡೆಹಿಡಿಯುತ್ತದೆ, ಗ್ಯಾಡ್45 ದುರಸ್ತಿಗೆ ನೆರವಾಗುತ್ತದೆ, ಎಂಡಿಎಂ2 ಕೆಲಸ ಮುಗಿದ ಮೇಲೆ ಪಿ53ಯನ್ನೇ ತಗ್ಗಿಸುತ್ತದೆ. ಮಳೆಗಾಲದಲ್ಲಿ ತಂತಿ ಹರಿದಾಗ ಲೈನ್‌ಮನ್ ಕಂಬ ಹತ್ತುವ ಮೊದಲು ಲೈನ್ ತೆಗೆಸುತ್ತಾನೆ, ಜೋಡಿಸಿ ಇಳಿದ ಮೇಲೆ ಮತ್ತೆ ಕೊಡಿಸುತ್ತಾನೆ. ಊರಿನಲ್ಲಿ ಕರೆಂಟ್ ಹೋದದ್ದನ್ನೇ ಕಂಡು ಲೈನ್‌ಮನ್ ಲೈನ್ ಕೆಡಿಸಿದ ಎನ್ನುವವರಂತೆ ಆ ವಿಡಿಯೊ ಮಾತನಾಡುತ್ತದೆ. ಮಾನವ ಕೋಶಗಳಲ್ಲಿ 20 ಮಿಲಿಗ್ರೇಯಷ್ಟು ಕಡಿಮೆ ಪ್ರಮಾಣಕ್ಕೂ ಈ ಜೀನ್‌ಗಳು ಏಳುವುದನ್ನು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಹಾಗೆ ಎದ್ದದ್ದು ಕ್ಯಾನ್ಸರ್ ಜೀನ್ ಅಲ್ಲ, ಅದನ್ನು ತಡೆಯುವ ಕಾವಲು.

ಇಷ್ಟಕ್ಕೇ ಬಿಟ್ಟರೆ ನಾನೂ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕಡಿಮೆ ಪ್ರಮಾಣದ ಪರಿಣಾಮವು ದೊಡ್ಡ ಪ್ರಮಾಣದ ಪರಿಣಾಮವನ್ನೇ ಚಿಕ್ಕದು ಮಾಡಿದ ನಕಲಲ್ಲ. 2003ರಲ್ಲಿ ರೋಥ್‌ಕಾಮ್ ಮತ್ತು ಲೋಬ್ರಿಶ್ ಎಂಬ ಜರ್ಮನಿಯ ವಿಜ್ಞಾನಿಗಳು, ವಿಭಜನೆಯಾಗದೆ ನಿಂತಿದ್ದ ಮಾನವ ಕೋಶಗಳಿಗೆ ಒಂದು ಮಿಲಿಗ್ರೇ ಆಸುಪಾಸಿನ ವಿಕಿರಣ ಕೊಟ್ಟಾಗ, ಆದ ಕೆಲವೇ ಕಡಿತಗಳು ದಿನಗಟ್ಟಲೆ ದುರಸ್ತಿಯಾಗದೆ ಉಳಿದುದನ್ನು ತೋರಿಸಿದರು. ಪೆಟ್ಟು ತೀರ ಸಣ್ಣದಾದರೆ ದುರಸ್ತಿಯ ಕರೆಯೇ ಸರಿಯಾಗಿ ಏಳದಿರಬಹುದು ಎಂಬ ಅನುಮಾನ ಅಲ್ಲಿಂದ ಬಲವಾಯಿತು. ಇನ್ನೊಂದು ಸಾಲಿನ ಪ್ರಯೋಗಗಳು ಅಮೆರಿಕದ ಮೇರಿ ಹೆಲೆನ್ ಬಾರ್ಸೆಲೋಸ್-ಹಾಫ್ ಮತ್ತು ಅವರ ಸಂಗಡಿಗರವು. ಅವರು ಇಲಿಗಳ ಎಳೆಯ ಸ್ತನದಿಂದ ಹಾಲಿನ ನಾಳಗಳ ಕೋಶಗಳನ್ನು ತೆಗೆದುಹಾಕಿ, ಖಾಲಿ ಮೆದು ಅಂಗಾಂಶ ಮಾತ್ರ ಉಳಿದ ಆ ಇಲಿಗಳಿಗೆ ವಿಕಿರಣ ಕೊಟ್ಟು, ಆಮೇಲೆ ವಿಕಿರಣವೇ ತಾಗದ, ಆದರೆ ಪಿ53 ಇಲ್ಲದ ಕೋಶಗಳನ್ನು ಅಲ್ಲಿ ನೆಟ್ಟರು. 100 ಮಿಲಿಗ್ರೇ ಪಡೆದ ಇಲಿಗಳಲ್ಲಿಯೂ ಗಡ್ಡೆಗಳು ಬೇಗ ಕಾಣಿಸಿಕೊಂಡವು. ಬೀಜಕ್ಕೆ ಏನೂ ಆಗಿರಲಿಲ್ಲ, ಬದಲಾದದ್ದು ಹೊಲ. ವಿಕಿರಣದಿಂದ ಟಿಜಿಎಫ್-ಬೀಟಾ ಎಂಬ ಸಂಕೇತ ಎಚ್ಚರಗೊಂಡು, ನಾಳಗಳ ಸುತ್ತಲಿನ ಅಂಗಾಂಶದ ನಡವಳಿಕೆಯೇ ಬೇರೆಯಾಗುತ್ತದೆ. ವಿಡಿಯೊದವರು ಇಂಥ ಪ್ರಯೋಗಗಳನ್ನೇ ಎಲ್ಲೋ ಓದಿರಬೇಕು. ಅವರು ಹೇಳದೆ ಬಿಟ್ಟದ್ದು ಎರಡು ಸಂಗತಿ: ಆ 100 ಮಿಲಿಗ್ರೇ ನಿಮ್ಮ ಮ್ಯಾಮೊಗ್ರಾಂನ ಇಪ್ಪತ್ತೈದು ಪಟ್ಟು, ಮತ್ತು ನೆಟ್ಟ ಕೋಶಗಳಲ್ಲಿ ಕಾವಲಿನ ಜೀನನ್ನು ಮೊದಲೇ ತೆಗೆದುಹಾಕಲಾಗಿತ್ತು.

ಇಲಿಗಳ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ತಳಿಯ ವ್ಯತ್ಯಾಸ. ಬಾಲ್ಬ್-ಸಿ ಎಂಬ ತಳಿಯ ಇಲಿಗೆ ವಿಕಿರಣದಿಂದ ಸ್ತನದ ಗಡ್ಡೆ ಸುಲಭವಾಗಿ ಬರುತ್ತದೆ, ಸಿ57 ಬ್ಲ್ಯಾಕ್ ತಳಿಯದಕ್ಕೆ ಹಾಗೆ ಬರುವುದಿಲ್ಲ. ಮೊದಲನೆಯದರಲ್ಲಿ ಡಿಎನ್‌ಎ ಜೋಡಿಸುವ ಒಂದು ಜೀನ್ ಹುಟ್ಟಿನಿಂದಲೇ ಸ್ವಲ್ಪ ದುರ್ಬಲ. ಎರಡೂ ತಳಿಗಳಿಗೆ ಒಂದೇ ಕಡಿಮೆ ಪ್ರಮಾಣ ಕೊಟ್ಟರೂ ಸ್ತನದಲ್ಲಿ ಏಳುವ, ಇಳಿಯುವ ಜೀನ್‌ಗಳ ಪಟ್ಟಿ ಬೇರೆ ಬೇರೆಯಾಗಿರುತ್ತದೆ. ಆದ್ದರಿಂದ ಎಷ್ಟು ವಿಕಿರಣ ಎಂದು ಕೇಳಿದರೆ ಸಾಲದು, ಯಾರಿಗೆ ಎಂದೂ ಕೇಳಬೇಕು. ಮನುಷ್ಯರ ವಿಷಯದಲ್ಲಿ ಯಾವ ವಯಸ್ಸಿನಲ್ಲಿ ಎಂಬುದನ್ನೂ ಸೇರಿಸಬೇಕು.

ವಯಸ್ಸಿನ ಮಾತು ಊಹೆಯದಲ್ಲ. 1945ರಲ್ಲಿ ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದ ಮಹಿಳೆಯರನ್ನು ದಶಕಗಳ ಕಾಲ ಗಮನಿಸಿದಾಗ, 20 ವರ್ಷದೊಳಗೆ ವಿಕಿರಣಕ್ಕೆ ಸಿಕ್ಕವರಲ್ಲಿ ಸ್ತನ ಕ್ಯಾನ್ಸರಿನ ಹೆಚ್ಚಳ ಅತಿ ಹೆಚ್ಚಾಗಿಯೂ, ನಡುವಯಸ್ಸು ದಾಟಿದ ಮೇಲೆ ಸಿಕ್ಕವರಲ್ಲಿ ಬಹಳ ಕಡಿಮೆಯಾಗಿಯೂ ಕಂಡಿತು. ಟಿ.ಬಿ.ಗೆ ಔಷಧಿಗಳಿಲ್ಲದ ಕಾಲದಲ್ಲಿ ಶ್ವಾಸಕೋಶದ ಸುತ್ತ ಗಾಳಿ ತುಂಬಿ ಅದನ್ನು ಕುಗ್ಗಿಸಿ, ಅದು ಕುಗ್ಗಿದೆಯೇ ಎಂದು ಫ್ಲೋರೋಸ್ಕೋಪಿ ಯಂತ್ರದಲ್ಲಿ, ಅಂದರೆ ಎಕ್ಸ್-ರೇ ಹಾಯಿಸುತ್ತಲೇ ಪರದೆಯ ಮೇಲೆ, ಪದೇ ಪದೇ ನೋಡುತ್ತಿದ್ದರು. ನಮ್ಮ ಹಿರಿಯ ಡಾಕ್ಟರುಗಳು ಅದಕ್ಕೆ "ಸ್ಕ್ರೀನಿಂಗ್" ಎನ್ನುತ್ತಿದ್ದರು. ಇಂದು ಅದೇ ಪದವನ್ನು ಮ್ಯಾಮೊಗ್ರಾಂ ತಪಾಸಣೆಗೆ ಬಳಸುವುದರಿಂದ ಹಳೆಯ ತಲೆಮಾರಿನವರು ಎರಡನ್ನೂ ಒಂದೇ ಎಂದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಕೆನಡಾದ ಇಂಥ ರೋಗಿಗಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚುತ್ತಿರುವುದನ್ನು 1965ರಲ್ಲಿ ಇಯಾನ್ ಮೆಕೆಂಜಿ ವರದಿ ಮಾಡಿದರು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಇಂಥ ಮಹಿಳೆಯರಿಗೆ ಸರಾಸರಿ 88 ಸಲ ಫ್ಲೋರೋಸ್ಕೋಪಿ ಆಗಿತ್ತು, ಸ್ತನಕ್ಕೆ ಸುಮಾರು 800 ಮಿಲಿಗ್ರೇ ತಾಗಿತ್ತು. ಹರೆಯದಲ್ಲಿ ಹಾಲಿನ ನಾಳಗಳು ಕವಲೊಡೆಯುತ್ತಿರುತ್ತವೆ, ಕೋಶಗಳು ಬಿಡುವಿಲ್ಲದೆ ವಿಭಜನೆಯಾಗುತ್ತಿರುತ್ತವೆ. ಆಗ ಉಳಿದ ತಪ್ಪೊಂದು ಮುಂದೆ ಸಾವಿರಾರು ಕೋಶಗಳಿಗೆ ನಕಲಾಗಬಹುದು. 43ರ ಸ್ತನದಲ್ಲಿ ಆ ಕಟ್ಟೋಣ ಮುಗಿದಿರುತ್ತದೆ.

ಈಗ ನಿಮ್ಮ ಲೆಕ್ಕ. 22ನೆಯ ವಯಸ್ಸಿನ ಎದೆಯ ಎಕ್ಸ್-ರೇಗಳಿಂದ ನಿಮ್ಮ ಸ್ತನಕ್ಕೆ ತಾಗಿದ್ದು ಪ್ರತಿ ಸಲ 0.1 ಮಿಲಿಗ್ರೇಗೂ ಕಡಿಮೆ, ಅದನ್ನು ಮರೆತುಬಿಡಿ. ಸಿ.ಟಿ.ಯಿಂದ 10ರಿಂದ 20 ಮಿಲಿಗ್ರೇ ಆಗಿರಬಹುದು. ಜಪಾನಿನ ಅಂಕಿಗಳನ್ನು ನೇರ ಅನುಪಾತದಲ್ಲಿ ಇಳಿಸಿ ನೋಡಿದರೆ, ನಿಮಗೆ ಇದ್ದೇ ಇದ್ದ ಅಪಾಯ 100 ಎಂದಾದರೆ ಅದು 102 ಅಥವಾ 103 ಆಗಿದೆ. ತಾಯಿಗೆ ಸ್ತನ ಕ್ಯಾನ್ಸರ್ ಆಗಿದ್ದರಿಂದ ಮಾತ್ರವೇ ಅದು ಹೆಚ್ಚುಕಡಿಮೆ 200ಕ್ಕೆ ಹೋಗುತ್ತದೆ. ಇಷ್ಟು ವರ್ಷ ನೀವು ಹೆದರಿದ್ದು ಮೂರಕ್ಕೆ, ಗಮನಿಸಬೇಕಾದದ್ದು ನೂರನ್ನು.

ಮ್ಯಾಮೊಗ್ರಾಂನ ಲಾಭನಷ್ಟವನ್ನು ಅಮೆರಿಕದ ಸಂಶೋಧಕರು 2016ರಲ್ಲಿ ಹೀಗೆ ಅಂದಾಜು ಮಾಡಿದ್ದಾರೆ: ಒಂದು ಲಕ್ಷ ಮಹಿಳೆಯರು 40ರಿಂದ 74ನೆಯ ವಯಸ್ಸಿನವರೆಗೆ ಪ್ರತಿ ವರ್ಷ ಮಾಡಿಸಿದರೆ, ಆ ವಿಕಿರಣದಿಂದಲೇ 125 ಕ್ಯಾನ್ಸರ್ ಮತ್ತು 16 ಸಾವುಗಳಾಗಬಹುದು, ಬೇಗ ಪತ್ತೆಯಾದದ್ದರಿಂದ 968 ಸಾವುಗಳು ತಪ್ಪುತ್ತವೆ. ನಮ್ಮಲ್ಲಿ ಸ್ತನ ಕ್ಯಾನ್ಸರ್ ಅಲ್ಲಿನಷ್ಟು ಸಾಮಾನ್ಯವಲ್ಲ, ಆದ್ದರಿಂದ ಲಾಭದ ಅಂಕಿಯನ್ನು ಇಲ್ಲಿನ ಎಲ್ಲ ಮಹಿಳೆಯರಿಗೂ ಹಾಗೆಯೇ ಅನ್ವಯಿಸುವುದನ್ನು ನಾನು ಒಪ್ಪುವುದಿಲ್ಲ. ನೀವು ಆ ಸಾಮಾನ್ಯ ಗುಂಪಿನಲ್ಲಿಲ್ಲ. ನಿಮ್ಮ ಮಟ್ಟಿಗೆ ಮ್ಯಾಮೊಗ್ರಾಂನ ನಿಜವಾದ ತೊಂದರೆ ವಿಕಿರಣಕ್ಕಿಂತ ಬೇರೆಡೆ ಇದೆ. ಈ ವಯಸ್ಸಿನಲ್ಲಿ ಸ್ತನದ ಅಂಗಾಂಶ ಗಟ್ಟಿಯಾಗಿದ್ದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೇ ಕಾಣುತ್ತದೆ. ಹೀಗಾಗಿ ಇದ್ದದ್ದು ತಪ್ಪಿಹೋಗಬಹುದು, ಇಲ್ಲದ್ದಕ್ಕೆ ಮತ್ತೊಮ್ಮೆ ಕರೆಸಿ, ಸೂಜಿ ಹಾಕಿ ನೋಡಬೇಕಾಗಬಹುದು. ಅದಕ್ಕಾಗಿ ಅಲ್ಟ್ರಾಸೌಂಡ್ ಜೊತೆಗೆ ಮಾಡುತ್ತೇವೆ. ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವಿಲ್ಲ ನಿಜ, ಆದರೆ ಸಾಸಿವೆಗಿಂತ ಸಣ್ಣ ಸುಣ್ಣದ ಕಣಗಳ ಗುಂಪು, ಅಂದರೆ ಕೆಲವು ಕ್ಯಾನ್ಸರುಗಳ ಮೊದಲ ಗುರುತು, ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಒಂದು ಇನ್ನೊಂದಕ್ಕೆ ಬದಲಿಯಲ್ಲ. ಶಿಬಿರಗಳಲ್ಲಿ "ವಿಕಿರಣವಿಲ್ಲದ ತಪಾಸಣೆ" ಎಂದು ಶಾಖದ ಕ್ಯಾಮೆರಾದಲ್ಲಿ ತೆಗೆಯುವ ಬಣ್ಣದ ಚಿತ್ರಗಳು ಇವೆರಡರಲ್ಲಿ ಯಾವುದಕ್ಕೂ ಬದಲಿಯಲ್ಲ. ತರಬೇತಾದ ಕೈಯಿಂದ ಸ್ತನ ಪರೀಕ್ಷೆ ಮಾಡಿಸುವುದನ್ನು ಮಾತ್ರ ಹಗುರವಾಗಿ ಕಾಣಬೇಡಿ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಅನುಸರಿಸಿ ನಡೆಸಿದ ಅಧ್ಯಯನದಲ್ಲಿ, ಆರೋಗ್ಯ ಕಾರ್ಯಕರ್ತೆಯರ ಇಂಥ ಪರೀಕ್ಷೆಯಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇಕಡ 30ರ ಹತ್ತಿರ ಇಳಿಯಿತು.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ. ತಾಯಿಗೆ 46ರಲ್ಲಿ ಸ್ತನ ಕ್ಯಾನ್ಸರ್, ಅವರ ಒಡಹುಟ್ಟಿದವರಿಗೆ ಅಂಡಾಶಯದ ಕ್ಯಾನ್ಸರ್ ಎಂದು ನೀವು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಈ ಜೋಡಿ ಕಂಡಲ್ಲಿ ನಾವು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಎಂಬ ಜೀನ್‌ಗಳನ್ನು ಪರೀಕ್ಷಿಸಲು ಹೇಳುತ್ತೇವೆ. ಇವು ಮೇಲೆ ಹೇಳಿದ ಎರಡೆಳೆಯ ಕಡಿತಗಳನ್ನು ತಪ್ಪಿಲ್ಲದೆ ಜೋಡಿಸುವ ತಂಡದವು. ಹುಟ್ಟಿನಿಂದಲೇ ಇವುಗಳಲ್ಲಿ ದೋಷವಿದ್ದವರ ಸ್ತನವು ಬಾಲ್ಬ್-ಸಿ ಇಲಿಯದರಂತೆ ದುರಸ್ತಿಯಲ್ಲಿ ಹಿಂದುಳಿದಿರುತ್ತದೆ. ಯುರೋಪಿನಲ್ಲಿ ಇಂಥ ಮಹಿಳೆಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, 30 ವರ್ಷಕ್ಕೆ ಮೊದಲು ಎದೆಗೆ ರೋಗಪತ್ತೆಯ ವಿಕಿರಣ ತಾಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಕಂಡಿತು. ಇಂಥವರಿಗೆ 30ರ ಒಳಗೆ ಮ್ಯಾಮೊಗ್ರಾಂ ಬದಲು ವಿಕಿರಣವಿಲ್ಲದ ಎಂ.ಆರ್.ಐ.ಯನ್ನೇ ನೆಚ್ಚಿಕೊಳ್ಳುತ್ತೇವೆ. ಪರೀಕ್ಷೆಯನ್ನು ಮೊದಲು ಮಾಡಬೇಕಾದದ್ದು ರೋಗ ಬಂದಿದ್ದ ನಿಮ್ಮ ತಾಯಿಯವರಿಗೆ, ಸ್ವಲ್ಪ ರಕ್ತ ಸಾಕು. ಅವರಲ್ಲಿ ದೋಷ ಸಿಕ್ಕರೆ ಅದೇ ಜಾಗವನ್ನು ನಿಮ್ಮಲ್ಲಿ ನೋಡುತ್ತಾರೆ. ನಿಮ್ಮಲ್ಲಿಯೂ ಇದ್ದರೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಜೊತೆಗೆ ಎಂ.ಆರ್.ಐ. ಬೇಕಾಗುತ್ತದೆ, ಅಂಡಾಶಯಗಳ ಬಗ್ಗೆಯೂ ಸ್ತ್ರೀರೋಗ ತಜ್ಞರ ಜೊತೆ ತಡಮಾಡದೆ ಮಾತನಾಡಬೇಕಾಗುತ್ತದೆ. ಫಲಿತಾಂಶ ಮನೆಯವರೆಲ್ಲರ ಮನಸ್ಸಿಗೆ ತಾಗುವಂಥದ್ದಾದ್ದರಿಂದ, ರಕ್ತ ಕೊಡುವ ಮೊದಲೇ ಆಪ್ತಸಮಾಲೋಚನೆ ಆಗಲಿ.

ಮಕ್ಕಳಿಗೆ ಹೋಗುತ್ತದೆ ಎಂಬ ಮಾತಿನ ಗೊಂದಲವೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ತಾಯಿಯ ಬಿಆರ್‌ಸಿಎ ದೋಷ ಮಗುವಿಗೆ ಹೋಗುವ ಸಂಭವ ಅರ್ಧಕ್ಕರ್ಧ, ಅದು ಅಂಡಾಣುವಿನಲ್ಲಿಯೇ ಇರುತ್ತದೆ. ಮ್ಯಾಮೊಗ್ರಾಂನಿಂದ ಸ್ತನದ ಕೋಶದಲ್ಲಾದ ಬದಲಾವಣೆ ಸ್ತನದಲ್ಲಿಯೇ ಉಳಿಯುತ್ತದೆ, ಅದು ಗರ್ಭಕ್ಕೆ ಹೋಗಲು ದಾರಿಯೇ ಇಲ್ಲ. ಕಿರಣವೂ ದೇಹದಲ್ಲಿ ಉಳಿಯುವುದಿಲ್ಲ, ಸ್ವಿಚ್ ಆರಿಸಿದ ಕೋಣೆಯಲ್ಲಿ ಬೆಳಕು ಉಳಿಯದಂತೆ.

ಇನ್ನು ಮಗಳು. ಇಲ್ಲಿ ನಾನು ನಿಮ್ಮ ಭಯದ ಪಕ್ಷಕ್ಕೆ ಸ್ವಲ್ಪ ವಾಲುತ್ತೇನೆ. 1912ರಿಂದ 1965ರ ನಡುವೆ ಅಮೆರಿಕದಲ್ಲಿ ಬೆನ್ನೆಲುಬು ಬಾಗಿದ್ದಕ್ಕೆ ಚಿಕಿತ್ಸೆ ಪಡೆದ 5,573 ಮಹಿಳೆಯರ ಅಧ್ಯಯನವಿದೆ. ಅವರಿಗೆ ಸರಾಸರಿ 25 ಎಕ್ಸ್-ರೇಗಳಾಗಿ ಸ್ತನಕ್ಕೆ 108 ಮಿಲಿಗ್ರೇ ತಾಗಿತ್ತು, ಸ್ತನ ಕ್ಯಾನ್ಸರಿನ ಸಾವು ನಿರೀಕ್ಷೆಗಿಂತ ಶೇಕಡ 69ರಷ್ಟು ಹೆಚ್ಚಿತ್ತು. ಇಂದಿನ ಡಿಜಿಟಲ್ ಎಕ್ಸ್-ರೇಗೆ ಬೇಕಾಗುವುದು ಅಂದಿನದರ ಸಣ್ಣ ಪಾಲು ಮಾತ್ರ. ಆದರೂ 14ರ ವಯಸ್ಸು, ಮನೆತನದಲ್ಲಿ ಇನ್ನೂ ಪರೀಕ್ಷೆಯಾಗದ ಅನುಮಾನ, ಬೆಳವಣಿಗೆ ನಿಲ್ಲುವವರೆಗೆ ಬೇಕಾಗುವ ಚಿತ್ರಗಳು, ಇವೆಲ್ಲ ಸೇರಿದಾಗ ಜಿಪುಣತನ ಒಳ್ಳೆಯದು. ಪೂರ್ತಿ ನಿಲ್ಲಿಸುವುದು ಮಾತ್ರ ಬೇಡ: ಮಗು ಎತ್ತರ ಬೆಳೆಯುವ ಈ ವರ್ಷಗಳಲ್ಲಿಯೇ ಬಾಗು ಬೇಗ ಹೆಚ್ಚುವುದು, ಬೆಲ್ಟ್ ಕೆಲಸ ಮಾಡುತ್ತಿದೆಯೇ ಎಂದು ಕಾಣದೆ ಹೋದರೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು.

ಎಲುಬಿನ ಡಾಕ್ಟರನ್ನು ಕೇಳಿ: ಪ್ರತಿ ಭೇಟಿಗೂ ಚಿತ್ರ ಬೇಕೇ, ಒಂದು ಸಲ ಮುಂದಕ್ಕೆ ಬಗ್ಗಿಸಿ ಅಳತೆಪಟ್ಟಿಯಿಂದ ನೋಡಿ ಇನ್ನೊಂದು ಸಲ ಎಕ್ಸ್-ರೇ ತೆಗೆದರೆ ಸಾಕೇ, ಪಕ್ಕದಿಂದ ತೆಗೆಯುವ ಎರಡನೆಯ ಚಿತ್ರ ಪ್ರತಿ ಸಲವೂ ಅಗತ್ಯವೇ ಎಂದು. ನಾಲ್ಕು ತಿಂಗಳು ಆರಾಗಬಹುದೇ ಎಂಬುದನ್ನು ಬಾಗಿನ ಕೋನ ಮತ್ತು ಎಲುಬು ಎಷ್ಟು ಬಲಿತಿದೆ ಎಂಬುದನ್ನು ನೋಡಿ ಅವರೇ ಹೇಳಬೇಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಖರ್ಚಿಲ್ಲದ್ದು. ಕೆಲವು ಕಡೆ ಎಕ್ಸ್-ರೇ ಟೆಕ್ನಿಷಿಯನ್‌ಗಳು ರೂಢಿಯಿಂದ ಮಗುವಿನ ಎದೆಯನ್ನು ಟ್ಯೂಬಿನ ಕಡೆಗೆ ಮಾಡಿ ನಿಲ್ಲಿಸುತ್ತಾರೆ. ಆಗ ಕಿರಣ ಪೂರ್ಣ ಬಲದಲ್ಲಿ ಮೊದಲು ಬೀಳುವುದು ಸ್ತನದ ಮೇಲೆ. ತಿರುಗಿಸಿ, ಬೆನ್ನು ಟ್ಯೂಬಿನ ಕಡೆಗೂ ಎದೆ ಪ್ಲೇಟಿನ ಕಡೆಗೂ ಬರುವಂತೆ ನಿಲ್ಲಿಸಿದರೆ, ಕಿರಣದ ಬಹುಪಾಲನ್ನು ಬೆನ್ನಿನ ಸ್ನಾಯು, ಎಲುಬುಗಳೇ ಹೀರಿಕೊಂಡು ಸ್ತನಕ್ಕೆ ತಾಗುವುದು ಹಲವು ಪಟ್ಟು ಕಡಿಮೆಯಾಗುತ್ತದೆ, ಬಾಗಿನ ಕೋನ ಅಳೆಯಲು ಆ ಚಿತ್ರ ಸಾಕು. ಡಾಕ್ಟರ ಚೀಟಿಯ ಮೇಲೆಯೇ "ಪಿ.ಎ. ವ್ಯೂ" ಎಂದು ಬರೆಸಿಕೊಳ್ಳಿ. ಬಿಆರ್‌ಸಿಎ ಪರೀಕ್ಷೆಯನ್ನು ಮಗಳಿಗೆ ಈಗ ಮಾಡಿಸಬೇಡಿ. ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಅದನ್ನು ಅವಳೇ ನಿರ್ಧರಿಸಲಿ.

ನಿಮ್ಮ ಮ್ಯಾಮೊಗ್ರಾಂಗೆ ಮುಟ್ಟು ಮುಗಿದ ಮರುವಾರ ಬಂದರೆ ಒತ್ತುವಾಗ ನೋವು ಕಡಿಮೆ. ಆ ದಿನ ಕಂಕುಳಿಗೆ ಪೌಡರ್, ಸೆಂಟು ಹಚ್ಚಬೇಡಿ, ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಕಣಗಳಂತೆ ಕಂಡು ನಮ್ಮನ್ನು ದಾರಿ ತಪ್ಪಿಸುತ್ತವೆ. ಅಣ್ಣಿಗೇರಿಯ ಅಜ್ಜಿಯೊಬ್ಬರು ಹನ್ನೆರಡು ವರ್ಷಗಳ ಫಿಲ್ಮುಗಳನ್ನು ಹತ್ತಿಬೀಜದ ಕಂಪನಿಯ ಕೈಚೀಲದಲ್ಲಿ ಸುತ್ತಿಟ್ಟು ತರುತ್ತಿದ್ದರು. ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದ್ದರಿಂದಲೇ ಅವರಿಗೆ ಎರಡು ಸಲ ಸೂಜಿ ಹಾಕುವುದು ತಪ್ಪಿತು. ನೀವೂ ಮೊದಲ ಚಿತ್ರದಿಂದಲೇ ಹಾಗೆ ಜೋಪಾನ ಮಾಡಿ, ಬರುವಾಗ ತಾಯಿಯವರ ಬಯಾಪ್ಸಿ ವರದಿಯ ಪ್ರತಿಯನ್ನೂ ಚಿಕ್ಕವ್ವನ ಆಸ್ಪತ್ರೆಯ ಕಾಗದಗಳಲ್ಲಿ ಸಿಕ್ಕಷ್ಟನ್ನೂ ಜೊತೆಗೆ ತನ್ನಿ.